ಕಾರ್ಖಾನೆಯ ಮಲಗುಂಡಿ: ಲೆಕ್ಕಕ್ಕೆ ಬಾರದ ಹೊಣೆ

ಲೆಕ್ಕಪರಿಶೋಧನೆಯ ಕೆಲಸದಲ್ಲಿ ವೋಚರ್‌ಗಳ ಕಟ್ಟನ್ನು ತಿರುವಿಹಾಕುವುದು ಬೇಸರದ ಕೆಲಸವೆಂದು ಹೊರಗಿನವರು ಭಾವಿಸುತ್ತಾರೆ. ಒಂದು ಘಟಕದ ಒಳಗುಟ್ಟು ತಿಳಿಯುವುದಾದರೆ ಅಲ್ಲಿಯೇ ಹೊರತು ಆಢಾವೆ ಪತ್ರಿಕೆಯಲ್ಲಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಸಣ್ಣ ಕಾರ್ಖಾನೆಯ ನಗದು ವೋಚರ್‌ಗಳ ನಡುವೆ ಒಂದು ಚೀಟಿ ಸಿಕ್ಕಿತು. ಅದರಲ್ಲಿ "ಪಿಟ್ ಕ್ಲೀನಿಂಗ್, 2 ಆಳು, ರಾತ್ರಿ ಕೆಲಸ, ರೂ. 3,000" ಎಂದಷ್ಟೇ ಬರೆದಿತ್ತು. ಪಡೆದವರ ಹೆಸರಿನ ಜಾಗದಲ್ಲಿ ಒಂದು ಹೆಬ್ಬೆಟ್ಟಿನ ಗುರುತು ಮಾತ್ರ ಇತ್ತು. ದುರಸ್ತಿ ಮತ್ತು ನಿರ್ವಹಣೆಯ ಖಾತೆಗೆ ಸೇರಿಸಿ ನಾನು ಮುಂದಿನ ಚೀಟಿಗೆ ಹೋದೆ. ಮೊತ್ತ ಅತ್ಯಲ್ಪ, ಪ್ರಶ್ನಿಸುವ ಅಗತ್ಯ ಕಾಣಲಿಲ್ಲ. ಆ ಇಬ್ಬರು ಎಲ್ಲಿಗೆ ಇಳಿದರು, ಏಕೆ ರಾತ್ರಿಯೇ ಇಳಿದರು ಎಂದು ಕೇಳಬೇಕಾಗಿತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆ, ಪಿಲ್ಲಗುಂಪ, ದೇವನಹಳ್ಳಿಯ ಸುತ್ತಮುತ್ತ ಇರುವ ನಮ್ಮ ಸಣ್ಣ ಘಟಕಗಳು ಮತ್ತು ಗೋದಾಮುಗಳ ಪೈಕಿ ಬಹಳಷ್ಟಕ್ಕೆ ಒಳಚರಂಡಿಯ ಸಂಪರ್ಕವಿಲ್ಲ. ಶೌಚದ ನೀರೆಲ್ಲ ಆವರಣದೊಳಗಿನ ತೊಟ್ಟಿಯಲ್ಲಿಯೇ ನಿಲ್ಲಬೇಕು. ಸ್ನಾನಗೃಹವುಳ್ಳ ಕಾರ್ಖಾನೆಯಲ್ಲಿ ತಲೆಗೆ ದಿನಕ್ಕೆ 45 ಲೀಟರ್ ನೀರು ಎಂಬುದು ಕಟ್ಟಡ ವಿನ್ಯಾಸದ ವಾಡಿಕೆಯ ಲೆಕ್ಕ. 40 ಮಂದಿ ದುಡಿಯುವ ಘಟಕವೆಂದರೆ ದಿನಕ್ಕೆ 1,800 ಲೀಟರ್. ಆರಂಭದಲ್ಲಿ 15 ಮಂದಿಗೆಂದು ಕಟ್ಟಿಸಿದ ತೊಟ್ಟಿಗೆ ಇಂದು 40 ಮಂದಿಯ ಭಾರ ಬಿದ್ದಿರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಯಂತ್ರ ಹೆಚ್ಚಿದಾಗ ವಿದ್ಯುತ್ ಮಂಜೂರಾತಿಯನ್ನು ಹೆಚ್ಚಿಸಿಕೊಳ್ಳುತ್ತೇವೆ. ತೊಟ್ಟಿಯ ಮಾತು ಯಾರಿಗೂ ನೆನಪಾಗುವುದಿಲ್ಲ.

ಶೀತ ದೇಶಗಳಲ್ಲಿ ಮನೆಯಂತೆಯೇ ಸಜ್ಜುಗೊಳಿಸಿದ ಪ್ರವಾಸಿ ವಾಹನಗಳುಂಟು. ಅವುಗಳ ತಳದಲ್ಲಿರುವ ಕೊಳಚೆ ತೊಟ್ಟಿ ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಕೊಳವೆ ತೆರೆದರೂ ಏನೂ ಹೊರಬರುವುದಿಲ್ಲವಂತೆ. ಅಲ್ಲಿನವರು ಬಿಸಿ ಕೊಟ್ಟು ಕರಗಿಸುತ್ತಾರೆ, ಇಲ್ಲವೇ ಬಿಸಿಲು ಬರುವವರೆಗೆ ಕಾಯುತ್ತಾರೆ. ನಮ್ಮಲ್ಲಿ ಹಿಮವಿಲ್ಲ, ಆದರೆ ಹತ್ತು ಹದಿನೈದು ವರ್ಷ ಮುಚ್ಚಳ ತೆಗೆಯದ ತೊಟ್ಟಿಯ ತಳದಲ್ಲಿ ಕೂತ ಕೆಸರು ಅದಕ್ಕೇನೂ ಕಡಿಮೆಯಿಲ್ಲದಂತೆ ಗಟ್ಟಿಯಾಗುತ್ತದೆ. ಹೀರುವ ಲಾರಿ ಬಂದು ಮೇಲಿನ ತಿಳಿನೀರನ್ನು ಎಳೆದುಕೊಂಡು ಹೋಗುತ್ತದೆ. ಕೆಸರು ಅಲ್ಲೇ ಉಳಿಯುತ್ತದೆ. ವಾರದೊಳಗೆ ತೊಟ್ಟಿ ಮತ್ತೆ ಉಕ್ಕುತ್ತದೆ. ಬಿಸಿಲು ಬಂದರೆ ಕರಗುವ ವಸ್ತು ಇದಲ್ಲ. ಆಗ ಮೇಲ್ವಿಚಾರಕನು ಇಬ್ಬರು ಆಳುಗಳನ್ನು, ಒಂದು ಗುದ್ದಲಿಯನ್ನು, ಒಂದು ಬಕೆಟ್ಟನ್ನು ಹುಡುಕಿಕೊಂಡು ಬರುತ್ತಾನೆ. ನಾನು ಕಂಡ ಚೀಟಿ ಹುಟ್ಟುವುದು ಇಲ್ಲಿಯೇ.

ಆ ತೊಟ್ಟಿಯೊಳಗೆ ಇರುವುದು ದುರ್ವಾಸನೆ ಮಾತ್ರವಲ್ಲ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದದ್ದರಿಂದ ತಳದಲ್ಲಿ ನಿಲ್ಲುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 100 ಭಾಗ ತಲುಪಿದರೆ ಮೂಗಿನ ಗ್ರಹಣಶಕ್ತಿಯೇ ಕುಂದುತ್ತದೆ. ನಾತ ನಿಂತಿತೆಂದು ಮನುಷ್ಯ ಧೈರ್ಯಗೊಳ್ಳುತ್ತಾನೆ. ಇನ್ನೂ ಹೆಚ್ಚಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಗಟ್ಟಿಯಾದ ಕೆಸರನ್ನು ಗುದ್ದಲಿಯಿಂದ ಕದಡಿದ ಕ್ಷಣದಲ್ಲಿ ಒಳಗೆ ಸಿಕ್ಕಿಕೊಂಡಿದ್ದ ಅನಿಲ ಒಮ್ಮೆಲೇ ಹೊರಬರುವುದರಿಂದ, ಮೊದಲು ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆ ನಿಷ್ಪ್ರಯೋಜಕ. ಮೀಥೇನ್ ಇದ್ದಲ್ಲಿ ಆ ದೀಪವೇ ಸ್ಫೋಟಕ್ಕೆ ಕಾರಣವಾದೀತು. ಒಬ್ಬನು ಬಿದ್ದನೆಂದು ಎತ್ತಲು ಇಳಿದ ಎರಡನೆಯವನೂ, ಅವನ ಹಿಂದೆ ಮೂರನೆಯವನೂ ಸಾಯುವ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಕಾನೂನಿನ ಸ್ಥಿತಿಯನ್ನು ಸದಸ್ಯರು ಸ್ಪಷ್ಟವಾಗಿ ಅರಿಯಬೇಕು. 2013ರ ಮಲಹೊರುವ ಪದ್ಧತಿ ನಿಷೇಧ ಮತ್ತು ಪುನರ್ವಸತಿ ಅಧಿನಿಯಮದ 7ನೆಯ ಪ್ರಕರಣವು ಚರಂಡಿ ಮತ್ತು ಮಲಗುಂಡಿಗಳ ಅಪಾಯಕಾರಿ ಶುಚಿಕಾರ್ಯಕ್ಕೆ ಯಾರನ್ನೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ತೊಡಗಿಸಬಾರದೆನ್ನುತ್ತದೆ. "ಪರೋಕ್ಷ" ಎಂಬ ಪದವನ್ನು ದಯವಿಟ್ಟು ಗಮನಿಸಿ. "ಗುತ್ತಿಗೆದಾರ ಕರೆತಂದ, ನನಗೆ ತಿಳಿಯದು" ಎಂಬ ಉತ್ತರ ನಡೆಯದು. ಮೊದಲ ತಪ್ಪಿಗೆ 2 ವರ್ಷಗಳವರೆಗೆ ಸೆರೆವಾಸ, ಅಥವಾ 2 ಲಕ್ಷ ರೂ.ವರೆಗೆ ದಂಡ, ಅಥವಾ ಎರಡೂ; ಮರುಕಳಿಸಿದರೆ 5 ವರ್ಷ ಮತ್ತು 5 ಲಕ್ಷದವರೆಗೆ. ಅಪರಾಧ ಜಾಮೀನುರಹಿತವಾದದ್ದು. ಮೃತರ ಕುಟುಂಬಕ್ಕೆ 10 ಲಕ್ಷ ರೂ. ಪರಿಹಾರವೆಂದು 2014ರಲ್ಲಿ ಹೇಳಿದ್ದ ಸರ್ವೋಚ್ಚ ನ್ಯಾಯಾಲಯ 20 ಅಕ್ಟೋಬರ್ 2023ರ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಇನ್ನು ತೆರಿಗೆಯ ಮಾತು: ಕಾನೂನು ನಿಷೇಧಿಸಿದ ಕಾರ್ಯಕ್ಕಾಗಿ ಮಾಡಿದ ವೆಚ್ಚ ವ್ಯವಹಾರದ ವೆಚ್ಚವೆನಿಸುವುದಿಲ್ಲ. ಆ 3,000 ರೂ.ಗಳಿಗೂ ಕಳೆತ ದೊರೆಯದು. ಆದರೆ ಅದನ್ನೊಂದು ವಾದವಾಗಿ ಎತ್ತುವುದಕ್ಕೆ ನನಗೇ ನಾಚಿಕೆಯೆನಿಸುತ್ತದೆ.

ಹಾಗಾದರೆ ಗಟ್ಟಿಯಾದ ತೊಟ್ಟಿಯನ್ನು ಏನು ಮಾಡಬೇಕು? ಉತ್ತರ ಸರಳ, ತಾಳ್ಮೆ ಬೇಕು. ಮುಚ್ಚಳಗಳನ್ನು ಸಾಕಷ್ಟು ಮುಂಚಿತವಾಗಿ ತೆರೆದಿಟ್ಟು, ಸುತ್ತ ಅಡ್ಡಗಟ್ಟಿ, ಯಾರೂ ಬಗ್ಗಿ ನೋಡದಂತೆ, ಬೀಡಿ ಸಿಗರೇಟು ಹಚ್ಚದಂತೆ ಕಾವಲಿಡಬೇಕು. ತಿಳಿನೀರನ್ನು ಪೂರ್ತಿ ಎಳೆದುಬಿಡದೆ, ಎಳೆದ ನೀರನ್ನೇ ಒತ್ತಡದಿಂದ ಮತ್ತೆ ತಳಕ್ಕೆ ಬಿಟ್ಟು ಕೆಸರನ್ನು ಸಡಿಲಗೊಳಿಸಬೇಕು. ಜೆಟ್ಟಿಂಗ್ ಯಂತ್ರವಿದ್ದರೆ ಇನ್ನೂ ಮೇಲು. ನೆನೆಯಲು ಒಂದೆರಡು ದಿನ ಬಿಟ್ಟು ಮತ್ತೆ ಹೀರಿಸಬೇಕು. ಒಂದೇ ಸಲಕ್ಕೆ ಮುಗಿಯದಿದ್ದರೆ ಮೂರು ಸಲ ಮಾಡಿಸಿ. ಆಮ್ಲವನ್ನೋ ಕಾಸ್ಟಿಕ್ ಸೋಡವನ್ನೋ ಸುರಿಯುವ ಅಭ್ಯಾಸ ಕೆಲವರಲ್ಲಿದೆ. ಅದು ಕೊಳೆಯಿಸುವ ಸೂಕ್ಷ್ಮಜೀವಿಗಳನ್ನು ಕೊಂದು ತೊಟ್ಟಿಯನ್ನೇ ನಿರುಪಯುಕ್ತಗೊಳಿಸುತ್ತದೆ. ಬಣ್ಣದ ಘಟಕಗಳ ನೀರನ್ನು ಈ ತೊಟ್ಟಿಗೆ ತಿರುಗಿಸುವುದೂ ಅಷ್ಟೇ ಕೆಟ್ಟದ್ದು. ಕೈಗಾರಿಕಾ ತ್ಯಾಜ್ಯನೀರಿನ ದಾರಿಯೇ ಬೇರೆ, ಅದರ ಅನುಮತಿಯೇ ಬೇರೆ.

ಎರಡು ಮೂರು ವರ್ಷಕ್ಕೊಮ್ಮೆ ತೆಗೆಸುತ್ತಿದ್ದರೆ ಕೆಸರು ಗಟ್ಟಿಯಾಗುವ ಪ್ರಮೇಯವೇ ಬಾರದು. ಇದರ ಖರ್ಚನ್ನು ನೋಡೋಣ. 20,000 ಲೀಟರಿನ ತೊಟ್ಟಿ, 4,000 ಲೀಟರಿನ ಲಾರಿ, ಅಂದರೆ 5 ಲೋಡು. ಲೋಡಿಗೆ 2,500 ರೂ. ಎಂದಿಟ್ಟುಕೊಂಡರೂ 12,500 ರೂ. ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 350 ರೂ. ಕೂಡ ಆಗದು. ಕಚೇರಿಯ ಕಾಫಿ ಟೀ ಖರ್ಚು ಇದಕ್ಕಿಂತ ಹೆಚ್ಚು. ಭವಿಷ್ಯದ ನಿರ್ವಹಣಾ ವೆಚ್ಚಕ್ಕೆ ಪುಸ್ತಕದಲ್ಲಿ ಈಗಲೇ ಅವಕಾಶ ಕಲ್ಪಿಸಲು ಲೆಕ್ಕಪತ್ರ ಮಾನದಂಡ 29 ಒಪ್ಪುವುದಿಲ್ಲ. ಆದ್ದರಿಂದ ಮುಂಗಡ ಅಂದಾಜಿನಲ್ಲಿ ಇದಕ್ಕೊಂದು ಸಾಲು ಇರಿಸಿಕೊಳ್ಳಿ. ಐದು ಲೋಡಿನ ಹಣವನ್ನು ಒಂದೇ ದಿನ ಒಬ್ಬನಿಗೆ ನಗದಾಗಿ ಕೊಟ್ಟರೆ 10,000 ರೂ.ಗಳ ಮಿತಿ ದಾಟುವುದರಿಂದ ಬ್ಯಾಂಕಿನ ಮೂಲಕವೇ ಪಾವತಿಸಿ. ಹಾಗೆ ಪಾವತಿಸಿದಾಗ ಲಾರಿಯ ಮಾಲೀಕನ ಹೆಸರೂ ದಾಖಲಾಗುತ್ತದೆ.

ಲಾರಿ ಹೊರಟ ಮೇಲೆ ನಮ್ಮ ಹೊಣೆ ಮುಗಿಯಿತೇ? ಮುಗಿಯಲಿಲ್ಲವೆಂದು ನನ್ನ ಅಭಿಮತ. ರಾತ್ರಿಯ ಹೊತ್ತಿನಲ್ಲಿ ಕೆರೆಯಂಗಳಕ್ಕೋ ರಾಜಕಾಲುವೆಗೋ ಸುರಿದು ಹೋಗುವ ಲಾರಿಗಳಿವೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ಹರಿಯುವುದು ದೊಡ್ಡಬಳ್ಳಾಪುರದ ಮೂಲಕವೇ. ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳ ನೀರು ಕೆಟ್ಟಿತೆಂದು ಅಲ್ಲಿನ ಗ್ರಾಮಸ್ಥರು ಹೋರಾಟಕ್ಕಿಳಿದದ್ದನ್ನು ನಾವೆಲ್ಲ ಬಲ್ಲೆವು. ಆ ದೂರು ಮುಖ್ಯವಾಗಿ ನಗರದ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯನೀರಿನದು. ಮಲಗುಂಡಿಯ ಲಾರಿಯನ್ನೂ ಅದಕ್ಕೆ ಸೇರಿಸುವುದು ಬೇಡ.

ಇದಕ್ಕೆ ಮಾದರಿಯನ್ನು ಹೊರಗೆ ಹುಡುಕಬೇಕಾಗಿಲ್ಲ. ಒಳಚರಂಡಿಯಿಲ್ಲದ ಪಟ್ಟಣಗಳಿಗೆ ದೇಶಕ್ಕೇ ಮೊದಲ ಮೇಲ್ಪಂಕ್ತಿಗಳಲ್ಲೊಂದಾಗಿ ಮಲಕೆಸರು ಸಂಸ್ಕರಣಾ ಘಟಕ 2015ರಲ್ಲಿ ಆರಂಭವಾದದ್ದು ನಮ್ಮ ದೇವನಹಳ್ಳಿಯಲ್ಲಿ. ಸಿಡಿಡಿ ಸೊಸೈಟಿ ವಿನ್ಯಾಸಗೊಳಿಸಿದ ಈ ಘಟಕದಲ್ಲಿ ಲಾರಿ ತಂದ ಕೆಸರು ಇಳಿಜಾರಿನಲ್ಲಿ ತಾನಾಗಿಯೇ ತೊಟ್ಟಿಯಿಂದ ತೊಟ್ಟಿಗೆ ಹರಿದು, ಒಣಹಾಸಿನ ಮೇಲೆ ಒಣಗಿ, ಪಟ್ಟಣದ ಹಸಿ ಕಸದೊಡನೆ ಸೇರಿ ಗೊಬ್ಬರವಾಗುತ್ತದೆ. ಎರಡು ವರ್ಷದ ತರುವಾಯ, 2017ರಲ್ಲಿ, ಕೇಂದ್ರ ಸರ್ಕಾರ ಇದೇ ವಿಷಯದಲ್ಲಿ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಪಟ್ಟಣದ ಮಟ್ಟಿಗೆ ಕಟ್ಟಿದ ಘಟಕವಾದ್ದರಿಂದ ನಾಲ್ಕು ತಾಲ್ಲೂಕುಗಳ ಕೈಗಾರಿಕಾ ಪ್ರದೇಶಗಳ ಭಾರವನ್ನು ಅದರ ಮೇಲೆ ಹೇರಲಾಗದು.

ಆದ್ದರಿಂದ ನನ್ನ ಸಲಹೆ ನಮ್ಮ ಸಂಸ್ಥೆಗೇ. ತೆರಿಗೆ ಕಾರ್ಯಾಗಾರಗಳನ್ನು ನಡೆಸುವಷ್ಟೇ ಆಸ್ಥೆಯಿಂದ, ಒಂದೊಂದು ಕೈಗಾರಿಕಾ ಪ್ರದೇಶದ ಸದಸ್ಯರನ್ನು ಒಟ್ಟುಗೂಡಿಸಿ, ಸ್ಥಳೀಯ ಸಂಸ್ಥೆಯ ಅನುಮತಿಯುಳ್ಳ ಹೀರುಲಾರಿಯವರೊಡನೆ ಸಾಮೂಹಿಕ ಒಪ್ಪಂದ ಮಾಡಿಸಬಹುದು. ನೂರು ಘಟಕಗಳ ತೊಟ್ಟಿಗಳನ್ನು ಸರದಿಯಂತೆ ತೆಗೆಯುವುದೆಂದರೆ ಲಾರಿಯವನಿಗೂ ನಿತ್ಯದ ಕೆಲಸ, ದರದಲ್ಲಿಯೂ ರಿಯಾಯಿತಿ ಕೇಳಬಹುದು. ಒಪ್ಪಂದದಲ್ಲಿ ಎರಡು ಷರತ್ತು ಕಡ್ಡಾಯವಾಗಿರಲಿ: ಮನುಷ್ಯನು ಒಳಗಿಳಿಯತಕ್ಕದ್ದಲ್ಲ, ಕೆಸರನ್ನು ಎಲ್ಲಿ ಇಳಿಸಲಾಯಿತೆಂಬ ರಸೀದಿ ಇಲ್ಲದೆ ಹಣ ಪಾವತಿಯಾಗತಕ್ಕದ್ದಲ್ಲ. ಹೊಸ ಕಟ್ಟಡ ಕಟ್ಟಿಸುವವರು ತೊಟ್ಟಿಯ ಮುಚ್ಚಳವನ್ನು ಯಂತ್ರದ ಕೆಳಗೋ ಗೋದಾಮಿನ ನೆಲದಡಿಗೋ ಹೂಳದೆ, ಲಾರಿಯ ಕೊಳವೆ ತಲುಪುವ ಕಡೆ ಇಟ್ಟುಕೊಂಡರೆ ಅರ್ಧ ತೊಂದರೆ ಕಳೆದಂತೆ. ತುರ್ತಿನಲ್ಲಿ ಯಾರಿಗೆ ಹೇಳುವುದೆಂದು ತೋಚದವರಿಗೆ 14420 ಸಹಾಯವಾಣಿ ಇದೆ.

ನನ್ನ ಕಚೇರಿಯ ಮಟ್ಟಿಗೆ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಲೆಕ್ಕ ತಪಾಸಣೆಯ ಪಟ್ಟಿಗೆ ಒಂದು ಪ್ರಶ್ನೆ ಸೇರಿದೆ: ತೊಟ್ಟಿಯನ್ನು ಕೊನೆಯ ಬಾರಿಗೆ ತೆಗೆಸಿದ್ದು ಯಾವಾಗ, ಯಾವ ಲಾರಿಯಿಂದ? ಲಾರಿಯ ಸಂಖ್ಯೆಯಿಲ್ಲದ, "ಆಳು" ಎಂದು ಬರೆದ ಚೀಟಿ ಬಂದರೆ ಅದನ್ನು ಪಕ್ಕಕ್ಕಿಟ್ಟು ಮಾಲೀಕರಿಗೆ ದೂರವಾಣಿ ಮಾಡುತ್ತೇವೆ. ಕಳೆದ ವರ್ಷ ಅಂತಹ ಮೂರು ಚೀಟಿಗಳು ಬಂದವು. ಇಬ್ಬರು ಮಾಲೀಕರು ಆ ವಾರವೇ ಲಾರಿ ಕರೆಸಿದರು. ಮೂರನೆಯವರು ಲೆಕ್ಕಪರಿಶೋಧಕರನ್ನೇ ಬದಲಾಯಿಸಿದರು.