ದೊಡ್ಡ ಬೈಕ್ ಬಂತು, ಸ್ಕೂಟಿ ಹೋಯ್ತು!

"ಅತ್ತಿಗೆ, ಇವ್ರು ದೊಡ್ಡ ಬೈಕ್ ತಂದ್ರು!" ಬಾಳೂರಿನಿಂದ ತಮ್ಮನ ಹೆಂಡತಿ ಫೋನ್ ಮಾಡಿದಾಗ ಅವಳ ದನಿಯಲ್ಲಿ ಖುಷಿಯೇ ಇತ್ತು. ಮೂರು ತಿಂಗಳು ಕಳೆದು ಆಷಾಢದ ಮಳೆ ಹಿಡಿದಾಗ ಮತ್ತೆ ಫೋನ್ ಬಂತು. ಈ ಸಲ ದನಿ ಬೇರೆ. "ಅತ್ತಿಗೆ, ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಂದ್ರೂ ಇವ್ರನ್ನ ಕೇಳಬೇಕು. ನನ್ ಸ್ಕೂಟಿ ಇದ್ದಿದ್ರೆ..."

ಆಗಿದ್ದು ಇಷ್ಟೇ. 2025ರ ಆರಂಭದಲ್ಲಿ ಕಾಫಿಗೆ ಹಿಂದೆಂದೂ ಕಾಣದ ರೇಟು ಬಂತಲ್ಲ, ಆಗ ತಮ್ಮನ ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡಿತು. ಶನಿವಾರ, ಭಾನುವಾರ ಕೊಟ್ಟಿಗೆಹಾರಕ್ಕೆ ಹೋದರೆ ಸಾಕು, ಬೆಂಗಳೂರಿನ ಹುಡುಗರು ದೊಡ್ಡ ದೊಡ್ಡ ಬೈಕುಗಳನ್ನು ಸಾಲಾಗಿ ನಿಲ್ಲಿಸಿ ನೀರುದೋಸೆ ತಿಂದು ಚಾರ್ಮಾಡಿ ಕಡೆ ಹೊರಡುವ ದೃಶ್ಯ. ಅದನ್ನು ನೋಡಿ ನೋಡಿ ಅವನಿಗೂ ಆಸೆ ಹುಟ್ಟಿತ್ತು. ಹೊಸದಕ್ಕೆ ದುಡ್ಡು ಸಾಲದು. ಹಾಗಾಗಿ 2014ರ ಮಾಡೆಲ್ಲಿನ 350 ಸಿಸಿ ಬೈಕ್ ಹುಡುಕಿದ. ತನ್ನ ನೂರು ಸಿಸಿ ಬೈಕನ್ನೂ ಹೆಂಡತಿಯ ಸ್ಕೂಟಿಯನ್ನೂ ಎಕ್ಸ್‌ಚೇಂಜ್‌ಗೆ ಕೊಟ್ಟ. "ಇಬ್ರಿಗೂ ಒಂದೇ ಸಾಕು, ಎಲ್ಲಿಗೆ ಬೇಕೋ ನಾನೇ ಬಿಡ್ತೀನಿ" ಎಂದ. ಅವಳೂ ತಲೆಯಾಡಿಸಿದಳು.

ಎರಡು ಚಿಕ್ಕದು ಕೊಟ್ಟು ಒಂದು ದೊಡ್ಡದು ತಂದರೆ ಮನೆ ಮೇಲೇರಿತೇ? ನೀವೇ ಹೇಳಿ.

ನಗರದಲ್ಲಿರುವ ನಮ್ಮ ನಿಮ್ಮ ಮನೆಯಲ್ಲೂ ಈ ಮಾತು ನಡೆಯುತ್ತಲೇ ಇರುತ್ತದೆ. ಗಂಡನಿಗೆ ನಲವತ್ತು ದಾಟಿದ ಮೇಲೆ ಕಾಲೇಜಿನ ದಿನಗಳ ಆಸೆ ಮರುಕಳಿಸುತ್ತದೆ. ಮಗನಿಗೆ ಮೊದಲ ಸಂಬಳ ಬರುತ್ತದೆ. "ಸೆಕೆಂಡ್ ಹ್ಯಾಂಡ್‌ನಲ್ಲಿ ಅರ್ಧ ರೇಟಿಗೆ ಸಿಗತ್ತೆ, ಹಳೇದಾದ್ರೂ ಗಟ್ಟಿ" ಎಂದು ಶುರುವಾಗುತ್ತದೆ. ನಾವು "ನಂಗೇನು ಗೊತ್ತಾಗತ್ತೆ ಬೈಕ್ ವಿಷ್ಯ, ನೀವೇ ನೋಡ್ಕೊಳ್ಳಿ" ಎಂದು ಒಗ್ಗರಣೆಗೆ ಸಾಸಿವೆ ಹಾಕಲು ಎದ್ದು ಹೋಗುತ್ತೇವೆ. ಅಲ್ಲೇ ನಾವು ತಪ್ಪುವುದು.

ಆಸೆ ತಪ್ಪಲ್ಲ

ಮೊದಲೇ ಹೇಳಿಬಿಡುತ್ತೇನೆ, ಗಂಡಸರ ಬೈಕ್ ಆಸೆಯನ್ನು ಹೀಯಾಳಿಸಲು ನಾನು ಇದನ್ನು ಬರೆಯುತ್ತಿಲ್ಲ. ಮಲೆನಾಡಿನವರಿಗೆ ದೊಡ್ಡ ಬೈಕ್ ಬರೀ ಶೋಕಿ ಅಲ್ಲ. ಇಬ್ಬರು ಕೂತು, ಮುಂದೊಂದು ಗೊಬ್ಬರದ ಚೀಲ ಇಟ್ಟುಕೊಂಡು ಏರು ಹತ್ತುವಾಗ ನೂರು ಸಿಸಿ ಬೈಕು ಏದುಸಿರು ಬಿಡುತ್ತದೆ. ನಾವು ಚಿಕ್ಕವರಿದ್ದಾಗ ತೋಟದ ರೈಟರುಗಳು ಬುಲೆಟ್ಟಿನಲ್ಲೋ ಯೆಜ್ಡಿಯಲ್ಲೋ ಬರುತ್ತಿದ್ದರು. ಆ ಯೆಜ್ಡಿ ನಮ್ಮ ಮೈಸೂರಿನದೇ. 1960ರ ದಶಕದಲ್ಲಿ ಜಾವಾ ಬೈಕುಗಳನ್ನು ತಯಾರಿಸಲು ಶುರು ಮಾಡಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೂ ಆ ಬೈಕುಗಳನ್ನು ಮಕ್ಕಳಂತೆ ಸಾಕಿಕೊಂಡವರು ಇವತ್ತಿಗೂ ಇದ್ದಾರೆ. ಆ ಪ್ರೀತಿಗೆ ಬೆಲೆ ಕಟ್ಟುವುದು ಬೇಡ.

ನನ್ನ ತಕರಾರು ಒಂದೇ. ಮನೆಯ ದುಡ್ಡಿನಲ್ಲಿ ವಾಹನ ಬದಲಾಯಿಸುವಾಗ ಅದು ಮನೆಯವರೆಲ್ಲರಿಗೂ ಮೇಲಾಗಬೇಕು. ಒಬ್ಬರು ಒಂದು ಮೆಟ್ಟಿಲು ಹತ್ತಿ ಇನ್ನೊಬ್ಬರು ಎರಡು ಮೆಟ್ಟಿಲು ಇಳಿಯುವುದಾದರೆ ಅದಕ್ಕೆ ಬಡ್ತಿ ಅನ್ನುವ ಹೆಸರು ಯಾಕೆ?

ಸ್ಕೂಟಿ ಏನೇನು ಮಾಡುತ್ತಿತ್ತು?

ತಮ್ಮನ ಹೆಂಡತಿಗೆ ನಾನು ಒಂದು ಕೆಲಸ ಹೇಳಿದೆ. "ಸ್ಕೂಟಿ ಇದ್ದಾಗ ವಾರದಲ್ಲಿ ಎಲ್ಲೆಲ್ಲಿಗೆ ಹೋಗ್ತಿದ್ದೆ, ಬರಿ." ಬರೆದಳು. ಬೆಳಿಗ್ಗೆ ಹಾಲಿನ ಡೇರಿ. ಮಗಳನ್ನು ಶಾಲೆ ವ್ಯಾನ್ ಹತ್ತಿಸಲು ರಸ್ತೆವರೆಗೆ. ವಾರಕ್ಕೊಮ್ಮೆ ಸ್ವಸಹಾಯ ಸಂಘದ ಮೀಟಿಂಗು. ಅತ್ತೆಯ ಬಿಪಿ ಮಾತ್ರೆ. ರೇಷನ್ನು. ತಿಂಗಳಿಗೊಮ್ಮೆ ತವರು. ಒಟ್ಟು ಲೆಕ್ಕ ಹಾಕಿದರೆ ವಾರಕ್ಕೆ ಇಪ್ಪತ್ತು ಸಲ! ಅದರಲ್ಲಿ ಗಂಡ ಜೊತೆಗಿರುತ್ತಿದ್ದುದು ಎರಡೋ ಮೂರೋ ಸಲ.

ಈಗ ಆ ಇಪ್ಪತ್ತನ್ನೂ ಅವನೇ ಮಾಡಬೇಕು, ಇಲ್ಲವೇ ಅವಳು ಬಸ್ಸಿಗೆ ಕಾಯಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ನಿಜ. ಆದರೆ ಬಸ್ಸು ಬರಬೇಕಲ್ಲ! ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ದಾರಿಯಾಗಿದ್ದ ಕೊಪ್ಪದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತುಹೋಯಿತು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯೇ ಬಂದ್ ಆಗಿದ್ದನ್ನು ಆ ಕಡೆಯವರು ಇನ್ನೂ ಮರೆತಿಲ್ಲ.

"ಹಾಗಾದ್ರೆ ಅದೇ ಬೈಕನ್ನ ಅವಳೂ ಓಡಿಸಲಿ" ಅನ್ನುತ್ತೀರಾ? ಓಡಿಸುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ, ಅವರಿಗೆ ನನ್ನ ಶಹಬ್ಬಾಸ್. ಆದರೆ ಸ್ಕೂಟಿಯ ತೂಕ ನೂರು ಕೆ.ಜಿ. ಆಸುಪಾಸು, ಈ ಬೈಕಿನದು 190 ಕೆ.ಜಿ. ಹತ್ತಿರ. ಕೆಸರಿನ ಅಂಗಳದಲ್ಲಿ ಅದನ್ನು ಹಿಂದಕ್ಕೆ ತಳ್ಳಿ ತಿರುಗಿಸುವುದು ಹುಡುಗಾಟವಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಗೇರಿಲ್ಲದ ಸ್ಕೂಟರಿಗೆಂದು ಮಾತ್ರ ಲೈಸೆನ್ಸ್ ಮಾಡಿಸಿದ್ದರೆ ಅದರಲ್ಲಿ ಗೇರಿನ ಬೈಕ್ ಓಡಿಸುವಂತಿಲ್ಲ. ನಿಮ್ಮ ಲೈಸೆನ್ಸ್ ತೆಗೆದು ಒಮ್ಮೆ ನೋಡಿಕೊಳ್ಳಿ.

ಅರ್ಧ ರೇಟು, ಪೂರ್ತಿ ಖರ್ಚು

ಹಳೆ ಬೈಕಿನ ಬೆಲೆ ಅಂದರೆ ಮೊದಲನೇ ಕಂತು, ಅಷ್ಟೇ. ತಿಂಗಳಿಗೆ 600 ಕಿ.ಮೀ. ಓಡಾಟ ಅಂತಿಟ್ಟುಕೊಳ್ಳಿ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿಗೆ ಹದಿಮೂರು ಚಿಲ್ಲರೆ ಲೀಟರ್ ಸಾಕು. 30 ಕೊಡುವ ದೊಡ್ಡ ಬೈಕಿಗೆ 20 ಲೀಟರ್. ಪೆಟ್ರೋಲ್ ನೂರು ರೂಪಾಯಿ ದಾಟಿರುವಾಗ ತಿಂಗಳಿಗೆ ಆರೇಳು ನೂರು ಹೆಚ್ಚುವರಿ. ಟೈರು, ಬ್ಯಾಟರಿ, ಚೈನ್ ಸೆಟ್, ಕ್ಲಚ್ ಪ್ಲೇಟು ಎಲ್ಲಕ್ಕೂ ಸೈಜಿಗೆ ತಕ್ಕ ಬೆಲೆ. ಆದ್ದರಿಂದ ಕೈಯಲ್ಲಿರುವ ದುಡ್ಡನ್ನು ಪೂರ್ತಿ ಬೈಕಿಗೇ ಸುರಿಯಬೇಡಿ. ಐದರಲ್ಲೊಂದು ಪಾಲನ್ನಾದರೂ ಮೊದಲ ವರ್ಷದ ರಿಪೇರಿಗೆ ತೆಗೆದಿಡಿ. ಇದು ಸಾಮಾನಿನ ಡಬ್ಬಿಯಲ್ಲಿ ದುಡ್ಡು ಕೂಡಿಟ್ಟು ಗೊತ್ತಿರುವ ನಮ್ಮ ಲೆಕ್ಕ, ಶೋರೂಮಿನವರ ಲೆಕ್ಕ ಅಲ್ಲ.

ಹೊಸದರ ಬೆಲೆಯನ್ನೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಹೊಸದು ಅಗ್ಗವಾದ ಮೇಲೂ ಹಳೆಯದಕ್ಕೆ ಹಳೇ ರೇಟೇ ಹೇಳಿದರೆ ಒಪ್ಪಬೇಡಿ.

ಇನ್ನು ಬ್ರೇಕು. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದ್ದು 2018ರ ಏಪ್ರಿಲ್‌ನಿಂದ ಹೊಸ ಮಾಡೆಲ್‌ಗಳಿಗೆ, 2019ರ ಏಪ್ರಿಲ್‌ನಿಂದ ಎಲ್ಲವಕ್ಕೂ. ಗಾಬರಿಯಲ್ಲಿ ಬ್ರೇಕ್ ಗಟ್ಟಿಯಾಗಿ ಹಿಡಿದರೂ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ ಅದು. ಅದಕ್ಕಿಂತ ಹಳೆಯ ಬಹುತೇಕ ಬೈಕುಗಳಲ್ಲಿ ಅದಿಲ್ಲ. ಅಂದರೆ ಹೆಚ್ಚು ತೂಕ, ಹೆಚ್ಚು ವೇಗ, ಆದರೆ ಒದ್ದೆ ರಸ್ತೆಯಲ್ಲಿ ಕಡಿಮೆ ರಕ್ಷಣೆ! ಹಾಗಾಗಿ 2019ರ ನಂತರದ್ದು ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದೇ ವಾಸಿ. ತೀರಾ ಹಳೆಯ ಬುಲೆಟ್ಟುಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಇಪ್ಪತ್ತು ವರ್ಷ ಬಲಗಾಲಲ್ಲಿ ಬ್ರೇಕ್ ಒತ್ತಿದವರು ಅವಸರದಲ್ಲಿ ಗೇರನ್ನು ಒತ್ತಿಯಾರು! ಖಾಲಿ ರಸ್ತೆಯಲ್ಲಿ ತಿಂಗಳೊಪ್ಪತ್ತು ಅಭ್ಯಾಸ ಮಾಡಿದ ಮೇಲೇ ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳಲಿ.

ಹಿಂದಿನ ಸೀಟೂ ಸೀಟೇ

ಬೈಕ್ ನೋಡಲು ಹೋಗುವಾಗ ಗಂಡನೋ ಮಗನೋ ಫ್ರೆಂಡನ್ನು ಕರೆದುಕೊಂಡು ಹೋಗುತ್ತಾನೆ. ನೀವೂ ಹೋಗಿ. ಅರ್ಧ ಗಂಟೆ ಹಿಂದೆ ಕೂತು ನೋಡಿ. ಸೊಂಟಕ್ಕೆ, ಮಂಡಿಗೆ ಹೇಗಿದೆ? ಕಾಲಿಡಲು ಸರಿಯಾದ ಜಾಗ ಇದೆಯೇ? ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚುವ ಕವಚ ಇರಲೇಬೇಕೆಂದು ಮೋಟಾರು ವಾಹನ ನಿಯಮವೇ (123ನೇ ನಿಯಮ) ಹೇಳುತ್ತದೆ. ಅದೇ ನಾವು ಸೀರೆ ಗಾರ್ಡ್ ಅನ್ನುವುದು. ಹಳೆ ಬೈಕ್ ಕೊಂಡ ಹುಡುಗರು "ಲುಕ್" ಹಾಳಾಗುತ್ತೆ ಅಂತ ಮೊದಲು ಕಿತ್ತೆಸೆಯುವುದೂ ಅದನ್ನೇ! ಸೀರೆ ಸೆರಗೋ ಚೂಡಿದಾರದ ವೇಲೋ ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಗಾರ್ಡ್ ಇಲ್ಲದ ಬೈಕಾದರೆ ಅದನ್ನು ಹಾಕಿಸಿದ ಮೇಲೇ ಹತ್ತುತ್ತೇನೆ ಎನ್ನಿ. ಹಿಂದೆ ಕೂರುವವರ ಹೆಲ್ಮೆಟ್ಟೂ ಅಷ್ಟೇ. ಕರ್ನಾಟಕದಲ್ಲಿ 2016ರ ಜನವರಿಯಿಂದ ಅದು ಕಡ್ಡಾಯ. ಬೈಕಿನ ಬಜೆಟ್ಟಿನಲ್ಲೇ ನಿಮ್ಮದೊಂದು ಒಳ್ಳೆಯ ಹೆಲ್ಮೆಟ್ ಸೇರಿಸಿ.

ಆರ್‌ಸಿಯಲ್ಲಿ ಯಾರ ಹೆಸರು?

ತಮ್ಮನ ಹೆಂಡತಿಗೆ ಇನ್ನೊಂದು ಪೆಟ್ಟು ಕಾದಿತ್ತು. ಸ್ಕೂಟಿ ಇದ್ದದ್ದು ಅವಳ ಹೆಸರಿನಲ್ಲಿ. ಎಕ್ಸ್‌ಚೇಂಜ್ ಮಾಡಿಕೊಂಡ ಅಂಗಡಿಯವನು ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಂಡಿದ್ದ. ಹೆಸರು ಬದಲಾಯಿಸಿರಲಿಲ್ಲ. ನಾಲ್ಕು ತಿಂಗಳ ಮೇಲೆ ಅವಳ ಮೊಬೈಲಿಗೆ ದಂಡದ ಮೆಸೇಜು ಬರತೊಡಗಿದವು. ಯಾರೋ ಯಾವುದೋ ಊರಿನಲ್ಲಿ ಹೆಲ್ಮೆಟ್ ಇಲ್ಲದೆ ಅವಳ ಸ್ಕೂಟಿ ಓಡಿಸುತ್ತಿದ್ದ. ದಂಡವಾದರೆ ಕಟ್ಟಿಬಿಡಬಹುದು. ಅಪಘಾತವಾಗಿದ್ದರೆ? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ವಾಹನ ಕೈಬಿಟ್ಟು ಎಷ್ಟು ಕಾಲವಾಗಿದ್ದರೂ ಅಷ್ಟೇ.

ಹದಿನೆಂಟು ತುಂಬದ ಮಗ ಓಡಿಸಿ ಅಪರಾಧವಾದರೆ ಕತೆ ಇನ್ನೂ ದೊಡ್ಡದು. 2019ರ ತಿದ್ದುಪಡಿಯಂತೆ ಹೆತ್ತವರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. "ನಿನ್ನ ಹೆಸರಲ್ಲೇ ಮಾಡಿಸ್ತೀನಿ" ಅಂದಾಗ ಹಿಗ್ಗುವ ಮುಂಚೆ ಇದು ನೆನಪಿರಲಿ.

ಇಷ್ಟನ್ನು ಕೈಯಲ್ಲಿ ಹಿಡಿದುಕೊಳ್ಳಿ

* ಮಾರುವಾಗ ಫಾರಂ 29, 30ಕ್ಕೆ ಪೂರ್ತಿ ತುಂಬಿದ ಮೇಲೇ ಸಹಿ. ಖಾಲಿ ಕಾಗದಕ್ಕೆ ಖಂಡಿತಾ ಬೇಡ. ಅದೇ ರಾಜ್ಯದೊಳಗಾದರೆ 14 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕಾದವರು ಮಾರಿದವರು. ಕೊಂಡವರಿಗೆ 30 ದಿನ.

* ಹಳೆ ವಾಹನದ ಡೀಲರುಗಳಿಗೂ 2023ರ ಏಪ್ರಿಲ್‌ನಿಂದ ಆರ್‌ಟಿಓ ಅನುಮತಿ ಬೇಕು. ಕೇಳಿ ನೋಡಿ.

* ಹೊರರಾಜ್ಯದ ಬೈಕಾದರೆ ಎನ್‌ಓಸಿ (ಫಾರಂ 28). ಸಾಲ ಇದ್ದದ್ದಾದರೆ ತೀರಿದ್ದಕ್ಕೆ ಫಾರಂ 35.

* ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಖರ್ಚು ಬೇರೆ. ಬೈಕಿಗೆ ಇನ್ನೆಷ್ಟು ವರ್ಷ ಉಳಿದಿದೆ ಎಂದು ಮೊದಲೇ ಎಣಿಸಿ.

* ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

* ಇಂಜಿನ್ ನಂಬರು, ಚಾಸಿ ನಂಬರು ಆರ್‌ಸಿಗೆ ತಾಳೆಯಾಗಬೇಕು.

* ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗುವುದಿಲ್ಲ.

* ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಹೊಳಪಿಗೆ ಮರುಳಾಗಬೇಡಿ.

* ಕರಾವಳಿಯಲ್ಲಿ ಓಡಿದ ಬೈಕಾದರೆ ತುಕ್ಕು ಹಿಡಿದಿದೆಯೇ ಎಂದು ಬಗ್ಗಿ ನೋಡಿ. ನಿಮಗೆ ಗೊತ್ತಿರುವ ಮೆಕ್ಯಾನಿಕ್ ಜೊತೆಗಿರಲಿ, ಮಾರುವವನ ಮೆಕ್ಯಾನಿಕ್ ಅಲ್ಲ.

ಕೊನೆಗೇನಾಯಿತು?

ತಮ್ಮ ಒಳ್ಳೆಯವನೇ. ವಾರಕ್ಕೆ ಇಪ್ಪತ್ತು ಸಲ ಡ್ರೈವರ್ ಕೆಲಸ ಮಾಡಿ ಸುಸ್ತಾದ ಮೇಲೆ ಅವನಿಗೇ ಅರ್ಥವಾಯಿತು. ಕಾಫಿ ಕೊಯ್ಲು ಶುರುವಾಗುವ ಮುಂಚೆ ಅವಳಿಗೊಂದು ಹಳೆ ಸ್ಕೂಟಿ ತಂದುಕೊಟ್ಟ. ಮಾರಿದ್ದಕ್ಕಿಂತ ಎಂಟು ಸಾವಿರ ಹೆಚ್ಚು ಕೊಟ್ಟು! ಹಳೆಯ ಸ್ಕೂಟಿಯ ಹೆಸರು ಬದಲಾಯಿಸಲು ಚಿಕ್ಕಮಗಳೂರಿಗೆ ಮೂರು ಸಲ ಓಡಾಡಿದ್ದು ಬೇರೆ. ದೊಡ್ಡ ಬೈಕೂ ಮನೆಯಲ್ಲೇ ಇದೆ. ಭಾನುವಾರ ಇಬ್ಬರೂ ಅದರಲ್ಲೇ ಕಳಸಕ್ಕೋ ಹೊರನಾಡಿಗೋ ಹೋಗಿ ಬರುತ್ತಾರೆ. "ಹಿಂದೆ ಕೂತ್ರೆ ಆರಾಮಾಗೇ ಇದೆ ಅತ್ತಿಗೆ, ಸೀರೆ ಗಾರ್ಡ್ ಹಾಕ್ಸಿದೀನಿ" ಅನ್ನುತ್ತಾಳೆ ಈಗ.

ಆದ್ದರಿಂದ ನಿಮ್ಮ ಮನೆಯಲ್ಲಿ ದೊಡ್ಡ ಬೈಕಿನ ಮಾತು ಬಂದರೆ ಬೇಡ ಅನ್ನಬೇಡಿ, ಎದ್ದೂ ಹೋಗಬೇಡಿ. ಒಗ್ಗರಣೆ ಆಫ್ ಮಾಡಿ ಬಂದು ಕೂತುಕೊಳ್ಳಿ. ವಾರದ ನಿಮ್ಮ ಓಡಾಟದ ಪಟ್ಟಿಯನ್ನು ಮುಂದಿಡಿ. ಅವರ ಚಿಕ್ಕ ಬೈಕ್ ಕೊಟ್ಟು ದೊಡ್ಡದು ತರಲಿ, ಬೇಕಾದರೆ ಇನ್ನೊಂದು ವರ್ಷ ದುಡ್ಡು ಕೂಡಿಸಿ ತರಲಿ. ನೀವು ಓಡಿಸುವ ಗಾಡಿಯ ಕೀ ಮಾತ್ರ ಎಕ್ಸ್‌ಚೇಂಜ್ ಲೆಕ್ಕಕ್ಕೆ ಸೇರದಿರಲಿ. ಅದು ಹತ್ತೋ ಹದಿನೈದೋ ಸಾವಿರದ ಹಳೆ ಸ್ಕೂಟಿ ಇರಬಹುದು. ಯಾರನ್ನೂ ಕೇಳದೆ ಹೊಸಿಲು ದಾಟುವ ನಿಮ್ಮ ಸ್ವಾತಂತ್ರ್ಯಕ್ಕೆ ಯಾವ ಡೀಲರೂ ಬೆಲೆ ಕಟ್ಟಲಾರ, ಅಲ್ವಾ?