ಶಾಲೆಗೆ ವಂತಿಗೆ: ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಕೂಡದು?

ಹವಳಗಾ ಸುತ್ತಲಿನ ರೈತ ಬಾಂಧವರೇ, ಜಾತ್ರೆ ಬಂತೆಂದರೆ ಊರಲ್ಲಿ ಪಟ್ಟಿ ಎತ್ತುವುದು ಹಳೆಯ ಪದ್ಧತಿ. ಉಳ್ಳವರು ನೂರು ರೂಪಾಯಿ, ಇಲ್ಲದವರು ಸೇರು ಜೋಳ ಕೊಟ್ಟರೂ ಬಯಲಾಟ ನಡೆದುಹೋಗುತ್ತದೆ. ಅದೇ ಪಟ್ಟಿ ಈಗ ಮೊಬೈಲಿಗೆ ಬಂದಿದೆ. ಪೇಟೆಯವರು ಅದನ್ನು ಕ್ರೌಡ್ ಫಂಡಿಂಗ್ ಎನ್ನುತ್ತಾರೆ. ಶಾಲೆಯ ಪುಸ್ತಕಕ್ಕೂ, ನಾಟಕಕ್ಕೂ, ಸಿನಿಮಾಕ್ಕೂ ಹೀಗೆ ಹಣ ಕೂಡಿಸುತ್ತಾರೆ.

ಇದಕ್ಕೆ ದಾರಿ ತೋರಿದವರಲ್ಲಿ ರೈತರೂ ಇದ್ದಾರೆ. 1976ರಲ್ಲಿ ತೆರೆಕಂಡ 'ಮಂಥನ್' ಹಿಂದಿ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. ಒಟ್ಟು 10 ಲಕ್ಷ ರೂಪಾಯಿ ಕೂಡಿತು. ಹಾಲಿನ ಸಹಕಾರ ಸಂಘದ ಕಥೆಯ ಆ ಚಿತ್ರವನ್ನು ಶ್ಯಾಮ್ ಬೆನೆಗಲ್ ನಿರ್ದೇಶಿಸಿದರು. ನಮ್ಮ ಗಿರೀಶ ಕಾರ್ನಾಡರು ಅದರಲ್ಲಿ ಅಭಿನಯಿಸಿದರು. ಕನ್ನಡದಲ್ಲಿ 2013ರ 'ಲೂಸಿಯಾ' ಚಿತ್ರಕ್ಕೆ ಪವನ್ ಕುಮಾರ್ ಅವರು ಸುಮಾರು 110 ಮಂದಿಯಿಂದ 50 ಲಕ್ಷ ರೂಪಾಯಿಯಷ್ಟು ಸಂಗ್ರಹಿಸಿದರು. ಎರಡರಲ್ಲೂ ಹಣ ಕೊಟ್ಟವರಿಗೆ ಅದು ಯಾವ ಕೆಲಸಕ್ಕೆ, ಯಾರ ಕೈಗೆ ಹೋಗುತ್ತದೆ ಎಂಬುದು ತಿಳಿದಿತ್ತು.

ಶಾಲೆಯ ಮಾತು ಬಂದಾಗ ಇನ್ನೊಂದು ಎಚ್ಚರ ಬೇಕು. 2022ರ ಅಕ್ಟೋಬರಿನಲ್ಲಿ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಗಳು ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಒತ್ತಾಯವಿಲ್ಲ ಎಂದಿದ್ದರೂ ವಿರೋಧ ಎದ್ದು, ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ವಿರೋಧಕ್ಕೆ ಕಾರಣವೂ ಇತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಉಚಿತ. ಕೂಲಿಕಾರನ ಮಗುವಿನ ಹೆಸರು ಕೂಗಿ ತಿಂಗಳು ತಿಂಗಳು ಹಣ ಕೇಳಿದರೆ ಅದು ವಂತಿಗೆಯಲ್ಲ, ಶುಲ್ಕ. ಆ ಮಗು ನಾಳೆ ಶಾಲೆಯನ್ನೇ ಬಿಟ್ಟೀತು.

ಇನ್ನೂ ಒಂದು ಅಪಾಯವಿದೆ. ಕೋಣೆ, ಮಾಳಿಗೆ, ಶೌಚಾಲಯ, ಶಿಕ್ಷಕರ ನೇಮಕ, ಇವು ಸರ್ಕಾರದ ಹೊಣೆ. ನಮ್ಮ ಭಾಗದ ಹಿಂದುಳಿಕೆ ನೀಗಲೆಂದೇ ಸಂವಿಧಾನದ 371(ಜೆ) ವಿಧಿ ಬಂದಿದೆ, ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಊರವರೇ ಪಟ್ಟಿ ಎತ್ತಿ ಮಾಳಿಗೆ ಹಾಕಿಸಿದರೆ, ಬರಬೇಕಾದ ಹಣಕ್ಕೆ ನೀವೇ ರಾಜೀನಾಮೆ ಕೊಟ್ಟಂತೆ. ವಂತಿಗೆ ಒಪ್ಪುವುದು ಅದರ ಮೇಲಿನ ಕೆಲಸಕ್ಕೆ: ಗ್ರಂಥಾಲಯದ ಪುಸ್ತಕ, ಮಕ್ಕಳ ನಾಟಕದ ವೇಷಭೂಷಣ, ಹಲಗೆ, ಹಾರ್ಮೋನಿಯಂ, ವಿಜ್ಞಾನದ ಮಾದರಿ, ಆಟದ ಸಾಮಾನು.

ಹಣ ಕೂಡಿಸುವ ಕ್ರಮ ಹೇಗೆ? ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇರುವುದರಿಂದ ಕಬ್ಬಿನ ಬಿಲ್ಲೇ ಇಲ್ಲಿ ಅನುಕೂಲದ ಕಾಲ. ಟನ್ನಿಗೆ 2 ರೂಪಾಯಿಯಂತೆ ಲೆಕ್ಕ ಹಾಕಿ: 40 ಟನ್ ಕಳಿಸುವವರ ಪಾಲು 80 ರೂಪಾಯಿ, ಅಂಥ 200 ಮಂದಿ ಸೇರಿದರೆ 16,000 ರೂಪಾಯಿ. ಒಂದು ಶಾಲೆಗೆ ಪುಸ್ತಕದ ಕಪಾಟು ತುಂಬಲು ಇಷ್ಟು ಸಾಲದೇ? ಆದರೆ ಬಿಲ್ಲಿನಲ್ಲೇ ಮುರಿದುಕೊಳ್ಳಲು ಬಿಡಬೇಡಿ. ಕಬ್ಬು ಕಳಿಸಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಗಡುವು ಹಾಕಿದ್ದರೂ ಬಾಕಿಯ ಗೋಳು ನಿಮಗೆ ಗೊತ್ತಿದ್ದದ್ದೇ. ಹಣ ಕೈಸೇರಿದ ಮೇಲೆ, ಮನಸ್ಸಿದ್ದವರು, ತಾವಾಗಿ ಕೊಡಲಿ.

ಪುಣೆ, ಮುಂಬಯಿ, ಬೆಂಗಳೂರಿಗೆ ದುಡಿಯಲು ಹೋದ ಊರ ಮಕ್ಕಳು ಮೊಬೈಲಿನಿಂದ ಕಳಿಸಬಹುದು. ಜಾಲತಾಣದ ಮೂಲಕ ಕೂಡಿಸುವುದಾದರೆ ಅದು ಎಷ್ಟು ಕಡಿತ ಮಾಡುತ್ತದೆಂದು ಮೊದಲೇ ಕೇಳಿ. ಹಣ ವ್ಯಕ್ತಿಯ ಖಾತೆಗಲ್ಲ, ಎಸ್‌ಡಿಎಂಸಿ ಖಾತೆಗೇ ಹೋಗಲಿ. ಹಣ ಬರಲು ಪಿನ್ ಒತ್ತಬೇಕಿಲ್ಲ. ಒತ್ತಿ ಎಂದವನು ಮೋಸಗಾರ. ಜಮಾ ಖರ್ಚು ಶಾಲೆಯ ಗೋಡೆಗೆ ಅಂಟಿಸಿ. ಒಟ್ಟು ಮೊತ್ತ ಬರೆದರೆ ಸಾಕು. ಯಾರು ಕೊಟ್ಟರು, ಯಾರು ಬಿಟ್ಟರು ಎಂದು ಬರೆಯಬೇಡಿ.

ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಈ ಹಂಗಾಮಿನ ಬಿಲ್ಲು ಬರುವ ಮುನ್ನ ಸಭೆ ಸೇರಿ ಎರಡು ಪಟ್ಟಿ ಬರೆಯಿರಿ: ಒಂದು ಸರ್ಕಾರಕ್ಕೆ ಹೋಗುವ ಅರ್ಜಿಯದು, ಇನ್ನೊಂದು ಊರು ಹೊರುವ ವಂತಿಗೆಯದು. ಮೊದಲನೆಯದಕ್ಕೆ ರಸೀದಿ ಪಡೆದ ಮೇಲೆಯೇ ಎರಡನೆಯದಕ್ಕೆ ಕೈಹಾಕಿ.