ಪೋಸ್ಟರಿನ ತಳದ ಸಣ್ಣ ಅಕ್ಷರಗಳು

ಪುಣೆಯಲ್ಲಿ ಎಂಜಿನಿಯರಿಂಗ್ ಓದುವ ಮಗ ಸೊಲ್ಲಾಪುರದ ಮನೆಗೆ ಫೋನ್ ಮಾಡಿ ಸಂಗೀತ ಮೇಳದ ಟಿಕೆಟ್ಟಿಗೆ ದುಡ್ಡು ಕೇಳಿದರೆ ಅಪ್ಪನ ಬಾಯಿಂದ ಮೊದಲು ಬರುವ ಮಾತು ಬಹುತೇಕ ಒಂದೇ: "ಅಷ್ಟ ರೊಕ್ಕ ಕೊಟ್ಟ ಗದ್ದಲ ಕೇಳಾಕ ಹೋಗ್ತಿಯೇನಪಾ? ಯಾರ ಹಾಡಾವ್ರು ಅದರಾಗ?" ಮಗ ನಾಲ್ಕಾರು ಬ್ಯಾಂಡುಗಳ ಹೆಸರು ಹೇಳುತ್ತಾನೆ. ಅಪ್ಪ ಕೇಳಿದ ಹೆಸರುಗಳಲ್ಲ. "ಸಿನಿಮಾದಾಗ ಹಾಡ್ಯಾರೇನು?" ಇಲ್ಲ. "ಟೀವಿಯಾಗ?" ಅದೂ ಇಲ್ಲ. "ಮತ್ತ ಯಾರಿಗೂ ಗೊತ್ತಿಲ್ಲದಾವ್ರ ಹಾಡ ಕೇಳಾಕ ಇಷ್ಟ ರೊಕ್ಕ?" ಅಲ್ಲಿಗೆ ಫೋನು ಕಟ್.

ಯಾರಿಗೂ ಗೊತ್ತಿಲ್ಲದವರು ಹಾಡುತ್ತಾರೆ ಎಂಬ ಕಾರಣಕ್ಕೇ ಹುಡುಗ ಅಲ್ಲಿಗೆ ಹೋಗಬೇಕು. ಗೊತ್ತಿದ್ದವರ ಹಾಡು ಮೊಬೈಲಿನಲ್ಲೂ ಇದೆ, ಮದುವೆ ಮನೆಯ ಬ್ಯಾಂಡಿನಲ್ಲೂ ಇದೆ.

ಅದೇ ಮನೆಯ ಮುತ್ಯಾ ಚಳಿಗಾಲದಲ್ಲಿ ಪುಣೆಗೆ ಹೋಗಿ ಸವಾಯಿ ಗಂಧರ್ವ ಮಹೋತ್ಸವದಲ್ಲಿ ಕೂತು ಬಂದವರಾಗಿದ್ದರೆ ಈ ಮಾತು ಅವರಿಗೆ ಬೇಗ ತಿಳಿಯುತ್ತದೆ. ಗದಗಿನ ಕಡೆಯ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರು ಮಾಡಿದ ಮೇಳ ಅದು. ರಮಣಬಾಗ ಶಾಲೆಯ ಮೈದಾನದಲ್ಲಿ ಕಂಬಳಿ ಹೊದ್ದು ಬೆಳಗಿನ ತನಕ ಕೂತವರ ಕಥೆಗಳು ಗಡಿಯ ಈಚೆ ಎಷ್ಟೋ ಮನೆಗಳಲ್ಲಿವೆ. ಆ ಕಥೆಗಳನ್ನು ಸರಿಯಾಗಿ ಕೇಳಿದರೆ ಒಂದು ಸಂಗತಿ ಕಾಣುತ್ತದೆ. ದೊಡ್ಡವರ ಸರದಿ ಬರುವ ಮುಂಚೆ ವೇದಿಕೆಗೆ ಬಂದು ಹಾಡಿದ ಯಾವನೋ ಹುಡುಗನ ಹೆಸರನ್ನು ಮುತ್ಯಾ ಈಗಲೂ ಹೇಳುತ್ತಾರೆ. "ಅವಾಗ ಅಂವಾ ಯಾರಂತ ಯಾರಿಗೂ ಗೊತ್ತಿದ್ದಿಲ್ಲ" ಎನ್ನುವಾಗ ಅವರ ದನಿಯಲ್ಲಿರುವ ಹೆಮ್ಮೆ ಹಾಡಿದವನ ಪಾಲಿನದಷ್ಟೇ ಅಲ್ಲ, ಮೊದಲು ಕೇಳಿದವರ ಪಾಲಿನದೂ ಹೌದು.

ಮೊಮ್ಮಗ ಕೇಳುತ್ತಿರುವುದು ಅದನ್ನೇ. ಊರೂ ಅದೇ, ಹಲವು ವರ್ಷ ತಿಂಗಳೂ ಹೆಚ್ಚುಕಡಿಮೆ ಅದೇ ಆಗಿತ್ತು. 2010ರ ಡಿಸೆಂಬರಿನಲ್ಲಿ ಪುಣೆಯಲ್ಲಿ 'ಎನ್‌ಎಚ್7 ವೀಕೆಂಡರ್' ಎಂಬ ಮೇಳ ಮೊದಲ ಬಾರಿ ನಡೆಯಿತು. 2012ರ ಹೊತ್ತಿಗೆ ಅದು ದಿಲ್ಲಿ, ಬೆಂಗಳೂರು, ಕೋಲ್ಕತ್ತಗಳಿಗೂ ಹೋಯಿತು, 2015ರಲ್ಲಿ ಶಿಲ್ಲಾಂಗ್ ಸೇರಿತು. ಒಂದೇ ಮೈದಾನದಲ್ಲಿ ನಾಲ್ಕೈದು ವೇದಿಕೆ. ಒಂದರಲ್ಲಿ ಕಿವಿಗಡಚಿಕ್ಕುವ ಮೆಟಲ್, ಇನ್ನೊಂದರಲ್ಲಿ ಗಿಟಾರ್ ಹಿಡಿದು ಒಬ್ಬನೇ ಕೂತು ಹಾಡುವವನು, ಮತ್ತೊಂದರಲ್ಲಿ ಜಾನಪದಕ್ಕೆ ಡ್ರಮ್ ಸೇರಿಸಿದವರು. ಕೇಳುಗ ಕುರ್ಚಿಗೆ ಅಂಟಿಕೊಂಡು ಕೂರಬೇಕಿಲ್ಲ. ಇಲ್ಲಿ ಹಿಡಿಸಲಿಲ್ಲವೆಂದರೆ ಎದ್ದು ಅಲ್ಲಿಗೆ ಹೋದರಾಯಿತು. ಜಾತ್ರೆಯಲ್ಲಿ ಬಯಲಾಟದ ಕಡೆಯಿಂದ ಡೊಳ್ಳಿನ ಪದದ ಕಡೆಗೆ ಜನ ನಡೆದು ಹೋಗುವುದಿಲ್ಲವೇ, ಹಾಗೆ.

ಇಂಡೀ ಎಂಬ ಶಬ್ದ ಹೊಸದಾಗಿ ಕೇಳುವವರಿಗೆ ಒಂದು ಮಾತು. ಸಿನಿಮಾದವರ ಹಂಗಿಲ್ಲದೆ, ದೊಡ್ಡ ಕಂಪನಿಯ ಹಂಗೂ ಇಲ್ಲದೆ, ತಾವೇ ಹಾಡು ಕಟ್ಟಿ ತಮ್ಮದೇ ದುಡ್ಡಿನಲ್ಲಿ ರೆಕಾರ್ಡ್ ಮಾಡುವವರು ಇಂಡೀ ಬ್ಯಾಂಡಿನವರು. ಭಾರತದಲ್ಲಿ ಹಾಡು ಎಂದರೆ ಸಿನಿಮಾ ಹಾಡು ಎನ್ನುವಷ್ಟು ಸಿನಿಮಾ ಆವರಿಸಿಕೊಂಡಿದೆ. ಹೀಗಿರುವಾಗ ನಾಲ್ಕು ಜನ ಹುಡುಗರು ಬಾಡಿಗೆ ಕೋಣೆಯಲ್ಲಿ ಕಟ್ಟಿದ ಹಾಡು ಅಪರಿಚಿತರ ಕಿವಿಗೆ ಬೀಳುವ ದಾರಿ ಯಾವುದು? ಅಂತರ್ಜಾಲ ಇದೆ, ನಿಜ. ಆದರೆ ಅಲ್ಲಿ ಹಾಡುಗಳ ಸಂತೆಯೇ ಇದೆ. ಹುಡುಕುವವನಿಗೆ ಹುಡುಕಬೇಕಾದ ಹೆಸರೇ ಗೊತ್ತಿರುವುದಿಲ್ಲ. ಮೇಳದಲ್ಲಿ ಹಾಗಲ್ಲ. ನೀರು ಕುಡಿಯಲು ಹೊರಟವನ ದಾರಿಯಲ್ಲಿ ಒಂದು ವೇದಿಕೆ ಸಿಗುತ್ತದೆ, ಕಾಲು ತಾನೇ ನಿಲ್ಲುತ್ತದೆ.

ಮೇಳದ ಪೋಸ್ಟರನ್ನು ಕೆಳಗಿನಿಂದ ಓದಬೇಕು. ಮೇಲೆ ದಪ್ಪ ಅಕ್ಷರದಲ್ಲಿರುವವರು ಟಿಕೆಟ್ ಮಾರುವುದಕ್ಕೆ ಬಂದವರು, ಅವರನ್ನು ನೋಡಲು ಹೇಗೂ ಜನ ಬರುತ್ತಾರೆ. ಕಟ್ಟಕಡೆಯ ಸಾಲುಗಳಲ್ಲಿ ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣದಾಗಿ ಅಚ್ಚಾದ ಹೆಸರುಗಳಿವೆಯಲ್ಲ, ಅವರು ಹಾಡುವುದು ಮಧ್ಯಾಹ್ನ ಮೂರಕ್ಕೆ, ಸುಡುವ ಬಿಸಿಲಿನಲ್ಲಿ. ಇದಕ್ಕೊಂದು ಕಾರಣವೂ ಇದೆ. ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬೇಡ ಎಂಬ ನಿಯಮ 2000ದಲ್ಲಿ ಬಂತು. ಅಹೋರಾತ್ರಿ ನಡೆಯುತ್ತಿದ್ದ ಸಂಗೀತ ಕಛೇರಿಗಳನ್ನು ಮೊಟಕು ಮಾಡಿದ್ದೂ ಅದೇ. ದೊಡ್ಡವರಿಗೆ ಸಂಜೆ ಬೇಕು, ಹತ್ತಕ್ಕೆ ಎಲ್ಲ ಮುಗಿಯಬೇಕು. ಹಾಗಾದರೆ ಹೊಸಬರಿಗೆ ಉಳಿಯುವುದು ಬಿಸಿಲು. ಸಂಜೆ ಆರಕ್ಕೆ ಸ್ನಾನ ಮಾಡಿ ಆರಾಮಾಗಿ ಬರುವವನು ಅರ್ಧ ಮೇಳವನ್ನು, ಅದೂ ಒಳ್ಳೆಯ ಅರ್ಧವನ್ನು, ಕಳೆದುಕೊಂಡ ಹಾಗೆ.

ಇನ್ನೊಂದು ಸೂಕ್ಷ್ಮ. ಮೊದಲನೆಯ ಹಾಡಿಗೇ ಎದ್ದು ಹೋಗಬಾರದು. ಹೆಸರಾದ ಬ್ಯಾಂಡಿಗೆ ಬೆಳಿಗ್ಗೆಯೇ ಸಮಯ ಕೊಟ್ಟು ಮೈಕು, ಸ್ಪೀಕರುಗಳನ್ನು ಹದ ಮಾಡಿಸುತ್ತಾರೆ. ಹೊಸಬರಿಗೆ ಸಿಗುವುದು ಒಂದು ತಂಡ ಇಳಿದು ಇನ್ನೊಂದು ಹತ್ತುವ ನಡುವಿನ ಕೆಲವೇ ನಿಮಿಷ. ಅಷ್ಟರಲ್ಲಿ ವೈರು ಚುಚ್ಚಿದ್ದೇ ದೊಡ್ಡದು. ಮೊದಲ ಹಾಡಿನಲ್ಲಿ ಹಾಡುವವನ ದನಿ ಕೇಳುವುದಿಲ್ಲ, ಡ್ರಮ್ಮೊಂದೇ ಕೇಳುತ್ತದೆ. ಹಿಂದೆ ನಿಂತ ಸೌಂಡಿನವನು ಎರಡನೆಯ ಹಾಡಿನಲ್ಲಿ ಸರಿಪಡಿಸುತ್ತಾನೆ. ಮೂರನೆಯದರಿಂದ ಬ್ಯಾಂಡು ತನ್ನ ನಿಜರೂಪದಲ್ಲಿ ಕಾಣುತ್ತದೆ. ಮುಂದೆ ಐವತ್ತು ಜನ ಮಾತ್ರ ಇದ್ದಾರೆ, ಅವರಲ್ಲಿ ಇಪ್ಪತ್ತು ಜನ ಹಾಡುವವರ ಗೆಳೆಯರೇ. ಅಂಥ ಹೊತ್ತಿನಲ್ಲಿ ಎದೆಗುಂದದೆ ಹಾಡುವವರು ಯಾರು, ತಂತಿ ಕಡಿದಾಗ ನಗುತ್ತ ಮಾತಾಡಿ ಜನರನ್ನು ಹಿಡಿದಿಡುವವರು ಯಾರು, ಒಬ್ಬರ ವಾದ್ಯವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳುತ್ತಿದ್ದಾರೋ ಇಲ್ಲವೋ, ಇದೆಲ್ಲ ಕಣ್ಣಿಗೇ ಕಾಣುತ್ತದೆ. ರೆಕಾರ್ಡಿನಲ್ಲಿ ಇದ್ಯಾವುದೂ ಗೊತ್ತಾಗದು. ಅಲ್ಲಿ ತಪ್ಪಿದ್ದನ್ನು ತಿದ್ದಿರುತ್ತಾರೆ.

ಹೀಗೆ ಕೇಳಿಸಿಕೊಂಡ ಎಲ್ಲರೂ ಮುಂದೆ ಬರುತ್ತಾರೆ ಎಂದೇನಿಲ್ಲ. ಬಹಳಷ್ಟು ಬ್ಯಾಂಡುಗಳು ನಾಲ್ಕೈದು ವರ್ಷಕ್ಕೆ ಮುಗಿದು ಹೋಗುತ್ತವೆ. ಒಬ್ಬನಿಗೆ ನೌಕರಿ, ಇನ್ನೊಬ್ಬನಿಗೆ ಮದುವೆ, ಡ್ರಮ್ ಬಾರಿಸುವವನು ವಿದೇಶಕ್ಕೆ. ಹಾಗಾಗಿ ಒಂದು ಬಿಸಿಲಿನ ಮಧ್ಯಾಹ್ನ ಕೇಳಿದ್ದು ಕೆಲವರ ಪಾಲಿಗೆ ಮೊದಲನೆಯದೂ ಹೌದು, ಕಡೆಯದೂ ಹೌದು. ಕೆಲವರು ಮಾತ್ರ ಬೆಳೆಯುತ್ತಾರೆ. ಜೈಪುರದ ಪ್ರತೀಕ್ ಕುಹಾಡ್ 2015ರಲ್ಲಿ ಆಲ್ಬಂ ತಂದಾಗ ಕೇಳುವವರು ಎಷ್ಟು ಜನವಿದ್ದರೋ. 2019ರ ಕೊನೆಗೆ ಅಮೆರಿಕದ ಮಾಜಿ ಅಧ್ಯಕ್ಷ ಬರಾಕ್ ಒಬಾಮಾ ತಮ್ಮ ಮೆಚ್ಚಿನ ಹಾಡುಗಳ ಪಟ್ಟಿಯಲ್ಲಿ ಅವರ ಒಂದು ಹಾಡನ್ನು ಸೇರಿಸಿದರು. ಆಮೇಲೆ ಟಿಕೆಟ್ ಸಿಗುವುದೇ ಕಷ್ಟವಾಯಿತು.

ಕನ್ನಡದ ಮಟ್ಟಿಗಂತೂ ಉದಾಹರಣೆಗೆ ದೂರ ಹೋಗಬೇಕಿಲ್ಲ. ಮೈಸೂರಿನ ರಘು ದೀಕ್ಷಿತ್ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಶಿಶುನಾಳ ಶರೀಫರ ತತ್ವಪದ ಹಾಡತೊಡಗಿದಾಗ ಮೂಗು ಮುರಿದವರಿಗೆ ಕಡಿಮೆಯೇನಿರಲಿಲ್ಲ. 2008ರಲ್ಲಿ ಅವರ ಮೊದಲ ಆಲ್ಬಂ ಬಂತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಮೇಳದಲ್ಲಿ ಅವರ ತಂಡ ಹಾಡಿತು. ಅವರ ತಮ್ಮ ವಾಸು ದೀಕ್ಷಿತ್ ಇದ್ದ 'ಸ್ವರಾತ್ಮ' ತಂಡವೂ ಇಂಥ ಮೇಳಗಳಲ್ಲೇ ಕೇಳುಗರನ್ನು ಗಳಿಸಿಕೊಂಡಿತು. ಪುಣೆಯ ಮೇಳದಲ್ಲಿ ಮರಾಠಿ, ಹಿಂದಿ, ಬಂಗಾಳಿ ಮಾತಾಡುವ ಹುಡುಗ ಹುಡುಗಿಯರು ಅರ್ಥ ಗೊತ್ತಿಲ್ಲದೆಯೂ ಕನ್ನಡದ ಸಾಲಿಗೆ ದನಿಗೂಡಿಸುವಾಗ, ಆ ಗುಂಪಿನಲ್ಲಿ ನಿಂತ ಅಕ್ಕಲಕೋಟೆಯ ಹುಡುಗನಿಗೆ ಏನನ್ನಿಸಬಹುದು! ಶಾಲೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಮಾತ್ರ ಕನ್ನಡ. ಹಾಸ್ಟೆಲಿನಲ್ಲಿ ಅವ್ವನ ಫೋನ್ ಬಂದರೆ ದನಿ ತಗ್ಗಿಸಿ ಹೊರಗೆ ಹೋಗಿ ಮಾತಾಡುವ ಹುಡುಗ ಅವನು. ಅವತ್ತು ಪಕ್ಕದವನು ಅವನ ಹೆಗಲು ತಟ್ಟಿ "ಇದರ ಅರ್ಥ ಏನೋ?" ಎಂದು ಕೇಳುತ್ತಾನೆ. ಹತ್ತು ಭಾಷಣಗಳಿಂದ ಆಗದ ಕೆಲಸ ಅದು.

ಕೇರಳದ 'ಅವಿಯಲ್' ತಂಡ 2008ರಲ್ಲಿ ಮಲಯಾಳದಲ್ಲೇ ರಾಕ್ ಹಾಡಿದಾಗಲೂ ಹೀಗೇ ಆಯಿತು. ರಾಕ್ ಎಂದರೆ ಇಂಗ್ಲಿಷ್ ಎಂದುಕೊಂಡಿದ್ದವರು ಬೆರಗಾದರು. ಇನ್ನೂ ದೂರದ ಮಾತು ಬೇಕೆಂದರೆ ಈಶಾನ್ಯಕ್ಕೆ ಹೋಗಬೇಕು. ಅರುಣಾಚಲದ ಝೀರೊ ಕಣಿವೆಯಲ್ಲಿ 2012ರಿಂದ ಒಂದು ಮೇಳ ನಡೆಯುತ್ತಿದೆ. ಗದ್ದೆಗಳ ನಡುವೆ ಅಲ್ಲಿನ ಅಪತಾನಿ ಜನರೇ ಬಿದಿರಿನಿಂದ ವೇದಿಕೆ ಕಟ್ಟುತ್ತಾರೆ. ಹಗಲಿಗೆ ಒಂದು ವೇದಿಕೆ, ರಾತ್ರಿಗೆ ಒಂದು. ಅವುಗಳಿಗೆ ಸೂರ್ಯ ಚಂದ್ರರ ಹೆಸರು. ಅರುಣಾಚಲದ ತಾಬಾ ಚಾಕೆ ಹಿಂದಿ, ಇಂಗ್ಲಿಷಿನ ಜೊತೆಗೆ ತಮ್ಮ ನ್ಯಿಶಿ ಭಾಷೆಯಲ್ಲೂ ಹಾಡುತ್ತಾರೆ. ನಾಗಾಲ್ಯಾಂಡಿನ ತೆತ್ಸೆಯೊ ಸೋದರಿಯರು ಹಾಡುವುದು ಚೋಕ್ರಿ ಭಾಷೆಯಲ್ಲಿ. ಗಡಿಯಾಚೆಯ ಕನ್ನಡಿಗರ ಸಂಖ್ಯೆಗೆ ಹೋಲಿಸಿದರೆ ಆ ಭಾಷೆ ಆಡುವವರು ಬಲು ಕಡಿಮೆ. ಆದರೂ ಅವರಿಗೊಂದು ವೇದಿಕೆ ಇದೆ, ಕೇಳಲು ಬೇರೆ ರಾಜ್ಯದವರು ವಿಮಾನ, ರೈಲು, ಜೀಪು ಹಿಡಿದು ಹೋಗುತ್ತಾರೆ.

ಅಪ್ಪನ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಟಿಕೆಟ್ ಸಾವಿರಗಳ ಲೆಕ್ಕದಲ್ಲಿರುತ್ತದೆ. ಒಳಗೆ ಒಂದು ಪ್ಲೇಟ್ ತಿಂಡಿಯ ಬೆಲೆಗೆ ಊರಲ್ಲಿ ಮನೆಮಂದಿಯೆಲ್ಲ ಉಣ್ಣಬಹುದು. ಮೇಳದ ಹೆಸರಿನ ಮುಂದೆ ಮದ್ಯದ ಬ್ರಾಂಡು ಅಂಟಿಕೊಂಡಿರುವುದೂ ಉಂಟು. ಇದನ್ನು ಸಮರ್ಥಿಸುವ ಅಗತ್ಯವಿಲ್ಲ. ಶಬ್ದದ ವಿಚಾರದಲ್ಲಂತೂ ಅಪ್ಪನ ಮಾತೇ ಸರಿ. ಇಂಥ ಕಡೆ ಶಬ್ದದ ಸರಾಸರಿ 100 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಸ್ಪೀಕರಿನ ಬುಡದಲ್ಲಿ ನಿಂತವನ ಕಿವಿ ಎರಡು ದಿನ ಗುಂಯ್ ಎನ್ನುತ್ತದೆ. ಇಯರ್ ಪ್ಲಗ್ ಇಟ್ಟುಕೊಂಡು ನಡುವಿನಲ್ಲಿ, ಸೌಂಡಿನವನ ಮೇಜಿನ ಹತ್ತಿರ ನಿಲ್ಲುವುದು ಮೇಲು. ಹಾಡು ಅಲ್ಲೇ ಚೆನ್ನಾಗಿ ಕೇಳುವುದು ಕೂಡ. ದುಡ್ಡಿಲ್ಲದವರು ದೊಡ್ಡ ಮೇಳಕ್ಕೇ ಹೋಗಬೇಕೆಂದೂ ಇಲ್ಲ. ಕಾಲೇಜು ಉತ್ಸವಗಳಲ್ಲಿ, ಸಣ್ಣ ಕೆಫೆಗಳಲ್ಲಿ ಇದೇ ಬ್ಯಾಂಡುಗಳು ಕಡಿಮೆ ದುಡ್ಡಿಗೆ, ಕೆಲವೊಮ್ಮೆ ಪುಕ್ಕಟೆ ಸಿಗುತ್ತವೆ. ಆದರೆ ಇಷ್ಟವಾದವರ ಒಂದು ಟೀ ಶರ್ಟನ್ನೋ ಸಿ.ಡಿ.ಯನ್ನೋ ಕೊಳ್ಳದೆ ಬರುವುದು ಸರಿಯಲ್ಲ. ಮೊಬೈಲಿನಲ್ಲಿ ಒಂದು ಸಲ ಹಾಡು ಕೇಳಿದರೆ ಅವರ ಕೈಗೆ ಬರುವುದು ಪೈಸೆಗಳ ಲೆಕ್ಕ.

ಹಾಗಾದರೆ ಇದೆಲ್ಲ ಪುಣೆಗೆ ಹೋದವರಿಗೆ ಮಾತ್ರವೋ? ಸೊಲ್ಲಾಪುರ, ಜತ್ತ, ಅಕ್ಕಲಕೋಟೆಗಳ ಕಡೆ ವೇದಿಕೆಗಳಿಗೇನು ಬರಗಾಲವೇ? ಸಂಕ್ರಾಂತಿಗೆ ಸಿದ್ಧೇಶ್ವರನ ಗಡ್ಡಾ ಜಾತ್ರೆ, ಊರೂರಿನ ಜಾತ್ರೆಗಳು, ಅಲ್ಲಲ್ಲಿ ನವೆಂಬರಿನ ರಾಜ್ಯೋತ್ಸವ. ಹಳ್ಳಿಯ ಜಾತ್ರೆಗಳಲ್ಲಿ ಹರದೇಶಿ ನಾಗೇಶಿ ಮೇಳಗಳು ಎದುರು ಬದುರು ನಿಂತು ಸವಾಲು ಜವಾಬು ಹಾಡುತ್ತ ಬೆಳಗು ಮಾಡಿದ್ದನ್ನು ಹಿರಿಯರು ಕಂಡಿದ್ದಾರೆ. ಹೊಸ ಹಾಡುಗಾರನೊಬ್ಬ ಎದ್ದು ನಿಂತು ಹಳಬರನ್ನು ಕಕ್ಕಾಬಿಕ್ಕಿ ಮಾಡಿದರೆ ಮರುದಿನ ಸುತ್ತಲಿನ ಹಳ್ಳಿಗಳಲ್ಲೆಲ್ಲ ಅವನದೇ ಸುದ್ದಿ. ಇಂಡೀ ಅಂದರೂ ನಡೆಯುತ್ತದೆ ಅದನ್ನು! ಸಿನಿಮಾದ ಹಂಗು ಅದಕ್ಕೂ ಇರಲಿಲ್ಲ.

ಈಗಿನ ಉತ್ಸವಗಳ ವೇದಿಕೆಯಲ್ಲಿ ಏನಿರುತ್ತದೆ? ಮೊದಲು ಒಂದೂವರೆ ತಾಸು ಅತಿಥಿಗಳ ಭಾಷಣ, ಶಾಲು, ಹಾರ. ಆಮೇಲೆ ಆರ್ಕೆಸ್ಟ್ರಾದವರು ಸಿನಿಮಾ ಹಾಡುಗಳನ್ನು ಇದ್ದಂತೆಯೇ ಹಾಡುತ್ತಾರೆ. ಆರ್ಕೆಸ್ಟ್ರಾದವರ ಹೊಟ್ಟೆಪಾಡಿನ ಬಗ್ಗೆ ತಕರಾರಿಲ್ಲ, ಜನರಿಗೂ ಅದು ಬೇಕು. ಆದರೆ ಸ್ವಂತ ಹಾಡು ಕಟ್ಟಿದ ಹುಡುಗ ಹುಡುಗಿಯರು ಅದೇ ಊರಿನಲ್ಲಿದ್ದರೂ ಅವರನ್ನು ಕೇಳುವವರಿಲ್ಲ. ಅವರ ಹಾಡಿನಲ್ಲಿ ಕನ್ನಡದ ನಡುವೆ ಮರಾಠಿ ನುಸುಳಿರಬಹುದು, ವ್ಯಾಕರಣ ಅಲ್ಲಲ್ಲಿ ಎಡವಿರಬಹುದು. ಮಡಿವಂತರು ಇದನ್ನೇ ಹಿಡಿದು ಜಗ್ಗುತ್ತಾರೆ. ಸೊಲ್ಲಾಪುರದ ಮನೆಗಳಲ್ಲಿ ಆಡುವ ಮಾತು ಹಾಗೇ ಇರುವಾಗ ಹಾಡು ಬೇರೆ ಹೇಗಿದ್ದೀತು?

ಉತ್ಸವ ಸಮಿತಿಗಳು ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಭಾಷಣದ ಹೊತ್ತಿನಿಂದ ಒಂದು ತಾಸು ತೆಗೆದು ಮೂರು ತಂಡಗಳಿಗೆ ಇಪ್ಪತ್ತಿಪ್ಪತ್ತು ನಿಮಿಷ ಕೊಡುವುದು. ಸ್ವಂತ ಹಾಡೇ ಆಗಬೇಕು, ಸಿನಿಮಾದ್ದು ನಡೆಯದು ಎಂಬ ಒಂದೇ ಕಟ್ಟಳೆ. ಬಸ್ಸಿನ ಖರ್ಚು, ಊಟ, ಕೈಗೊಂದಿಷ್ಟು ದುಡ್ಡು. ಮೈಕು, ಸ್ಪೀಕರು, ಪೆಂಡಾಲು ಹೇಗೂ ಆರ್ಕೆಸ್ಟ್ರಾದವರಿಗೆಂದು ಬಂದಿರುತ್ತವೆ. ಕರಪತ್ರದಲ್ಲಿ ಅತಿಥಿಗಳ ಹೆಸರಿನ ಕೆಳಗೆ ಈ ಹುಡುಗರ ಹೆಸರೂ ಬರಲಿ, ಸಣ್ಣ ಅಕ್ಷರದಲ್ಲಾದರೂ ಚಿಂತೆಯಿಲ್ಲ. ಆ ಹೊತ್ತಿಗೆ ಪುಣೆಯ ಮಗನೂ ಊರಿಗೆ ಬಂದಿರುತ್ತಾನೆ. ಅಪ್ಪ ಅವನ ಜೊತೆ ಪೆಂಡಾಲಿಗೆ ಹೋಗಿ, ಮೂರನೆಯ ಹಾಡಿನ ತನಕ ಕೂತು ನೋಡಲಿ.